ಭೂಹಕ್ಕು, ಹವಾಮಾನ ಬದಲಾವಣೆ ಮತ್ತು ಆಹಾರ ಭದ್ರತೆ: ಕರ್ನಾಟಕ

ಉಳುವ ಹೊಲ, ದನ ಮೇಯುವ ಗೋಮಾಳ, ಸೊಪ್ಪು ಜೇನು ಕೊಡುವ ಕಾಡು ಇವುಗಳ ಮೇಲೆ ಯಾರಿಗೆ ಹಕ್ಕಿದೆ ಎಂಬ ಪ್ರಶ್ನೆಗೂ, ಮಳೆ ಕೈಕೊಟ್ಟ ವರ್ಷದಲ್ಲಿ ಯಾರ ಮನೆಯಲ್ಲಿ ಕಾಳು ಉಳಿಯುತ್ತದೆ ಎಂಬ ಪ್ರಶ್ನೆಗೂ ಬಿಡಿಸಲಾಗದ ನಂಟಿದೆ. ಎಲ್ಲ ಜನರಿಗೂ ಎಲ್ಲ ಕಾಲದಲ್ಲೂ ಸಾಕಷ್ಟು, ಸುರಕ್ಷಿತ, ಪೌಷ್ಟಿಕ ಆಹಾರ ಕೈಗೆಟುಕಬೇಕು ಎಂದು 1996ರ ವಿಶ್ವ ಆಹಾರ ಶೃಂಗಸಭೆ ಆಹಾರ ಭದ್ರತೆಯನ್ನು ನಿರೂಪಿಸಿತು. ದೇಶದ ಉಗ್ರಾಣ ತುಂಬಿದ್ದರೂ ಕೈಯಲ್ಲಿ ಭೂಮಿ, ಕೂಲಿ, ದುಡ್ಡು ಇಲ್ಲದವರು ಹಸಿಯುತ್ತಾರೆ ಎಂಬುದನ್ನು ಅಮರ್ತ್ಯ ಸೇನ್ ತಮ್ಮ 1981ರ ಕ್ಷಾಮ ಅಧ್ಯಯನದಲ್ಲಿ ತೋರಿಸಿದ್ದರು. ಭೂಮಿಯ ಹಿಡುವಳಿ ಭದ್ರವಾಗಿಲ್ಲದ ರೈತರು ಬದಲಾಗುವ ಹವೆಗೆ ಹೊಂದಿಕೊಳ್ಳುವುದು ಕಷ್ಟ ಎಂದು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ 2019ರ ಭೂಮಿ ಕುರಿತ ವಿಶೇಷ ವರದಿ ಹೇಳಿತು. ಈ ಮಾತುಗಳನ್ನು ಪರೀಕ್ಷಿಸಿ ನೋಡಲು ಕರ್ನಾಟಕಕ್ಕಿಂತ ತಕ್ಕ ಜಾಗಗಳು ಹೆಚ್ಚಿಲ್ಲ. ದೇಶದ ಅತಿ ಗಟ್ಟಿಯಾದ ಭೂಸುಧಾರಣೆಗಳಲ್ಲಿ ಒಂದು ನಡೆದದ್ದು ಇಲ್ಲಿ. ಬರ ಮತ್ತೆ ಮತ್ತೆ ಬಂದು ಕೂರುವುದೂ ಇಲ್ಲಿಯೇ.

ಬರದ ನಾಡು

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬಿದ್ದರೆ, ಚಳ್ಳಕೆರೆಯಲ್ಲಿ ಐನೂರು ಮಿಲಿಮೀಟರ್ ಬಿದ್ದರೆ ಒಳ್ಳೆಯ ವರ್ಷ. ರಾಜಸ್ಥಾನವನ್ನು ಬಿಟ್ಟರೆ ಬರಕ್ಕೆ ತುತ್ತಾಗುವ ಒಣಭೂಮಿ ಅತಿ ಹೆಚ್ಚಿರುವುದು ಕರ್ನಾಟಕದಲ್ಲಿ. ಸಾಗುವಳಿಯ ಬಹುಪಾಲು ಮಳೆಯನ್ನೇ ನಂಬಿದೆ. 1876-78ರ ಧಾತು-ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ತನ್ನ ಜನಸಂಖ್ಯೆಯ ಐದನೇ ಒಂದು ಭಾಗದಷ್ಟನ್ನು ಕಳೆದುಕೊಂಡಿತು. ಆ ಕ್ಷಾಮ ಮೊದಲು ಬಡಿದದ್ದು ಭೂಮಿಯಿಲ್ಲದ ಕೂಲಿಗಳನ್ನು ಮತ್ತು ನೇಕಾರರಂಥ ಕುಶಲಕರ್ಮಿಗಳನ್ನು.

ಹವೆ ಬದಲಾದಂತೆ ಮಳೆಯ ಒಟ್ಟು ಪ್ರಮಾಣಕ್ಕಿಂತ ಅದರ ನಡತೆ ಕೆಟ್ಟಿದೆ. ಬಿತ್ತನೆ ಆದ ಮೇಲೆ ವಾರಗಟ್ಟಲೆ ಒಣಹವೆ, ಆಮೇಲೆ ಎರಡೇ ದಿನದಲ್ಲಿ ತಿಂಗಳ ಮಳೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಮರುವರ್ಷ ಅದೇ ತಿಂಗಳಲ್ಲಿ ಕೃಷ್ಣಾ ಕೊಳ್ಳ ನೆರೆಯಲ್ಲಿ ಮುಳುಗಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಪರಿಹಾರದ ಹಣಕ್ಕಾಗಿ ರಾಜ್ಯ ಸರ್ಕಾರ ಕೇಂದ್ರದ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು.

ಗೇಣಿಯಿಂದ ಒಡೆತನಕ್ಕೆ

ಕರಾವಳಿ ಮತ್ತು ಮಲೆನಾಡಿನಲ್ಲಿ ಬಹುಪಾಲು ಭೂಮಿ ಗೇಣಿಯಲ್ಲಿತ್ತು. ಮೂಲಗೇಣಿದಾರನಿಗೆ ಕಾಯಂ ಹಕ್ಕಿತ್ತು. ಚಾಲಗೇಣಿದಾರನನ್ನು ಧಣಿ ಬೇಕೆಂದಾಗ ಎಬ್ಬಿಸಬಹುದಿತ್ತು. ಉತ್ತರ ಕನ್ನಡದಲ್ಲಿ ರೈತರನ್ನು ಸಂಘಟಿಸಿದ್ದಕ್ಕೆ ದಿನಕರ ದೇಸಾಯಿಯವರು 1940ರಲ್ಲಿ ಗಡೀಪಾರಾದರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ನಡೆದ ಸತ್ಯಾಗ್ರಹದ ಕಿಡಿ ಹೊತ್ತಿದ್ದು ಕೊಳಗದಿಂದ. ಗೇಣಿ ಭತ್ತ ಅಳೆದುಕೊಳ್ಳಲು ಧಣಿಗಳು ಬಳಸುತ್ತಿದ್ದ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದು. ಪ್ರತಿ ಕೊಳಗದಲ್ಲೂ ಒಕ್ಕಲಿನ ಮನೆಯ ಅನ್ನ ಒಂದಿಷ್ಟು ಧಣಿಯ ಕಣಜಕ್ಕೆ ಹೋಗುತ್ತಿತ್ತು. ಎಚ್. ಗಣಪತಿಯಪ್ಪನವರ ರೈತ ಸಂಘ ಇದನ್ನು ಪ್ರಶ್ನಿಸಿತು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು.

ಇನಾಂ ರದ್ದತಿ 1950ರ ದಶಕದ ನಡುವೆ ಬಂತು. ಬಿ.ಡಿ. ಜತ್ತಿ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ಮೇಲೆ 1961ರ ಭೂಸುಧಾರಣಾ ಕಾಯ್ದೆ ರೂಪುಗೊಂಡು 1965ರ ಅಕ್ಟೋಬರ್ 2ರಂದು ಜಾರಿಯಾಯಿತು. ಆದರೆ ಅದರಲ್ಲಿ ಧಣಿಗಳಿಗೆ ಬಾಗಿಲುಗಳು ಬಹಳ ಇದ್ದವು. ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಆ ಬಾಗಿಲುಗಳು ಮುಚ್ಚಿದವು. ಅಂದು ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರದ ವಶಕ್ಕೆ ಬಂದು, ಉಳುವವನು ಅದರ ಒಡೆತನ ಕೇಳುವ ಹಕ್ಕು ಪಡೆದ.

ಕೇಳುವ ದಾರಿ ಏಳನೇ ನಮೂನೆಯ ಅರ್ಜಿ. ಅದನ್ನು ತೀರ್ಮಾನಿಸುತ್ತಿದ್ದದ್ದು ತಾಲ್ಲೂಕಿನ ಭೂ ನ್ಯಾಯಮಂಡಳಿ: ಅಧ್ಯಕ್ಷರಾಗಿ ಉಪವಿಭಾಗಾಧಿಕಾರಿ, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಆರಂಭದಲ್ಲಿ ಅಲ್ಲಿ ಪ್ರವೇಶವಿರಲಿಲ್ಲ. ಕಾಗದ ಓದಲು ಬಾರದ ಒಕ್ಕಲು, ಹೊಲ ಯಾರು ಉಳುತ್ತಿದ್ದರೆಂದು ಕಂಡು ಬಲ್ಲ ನೆರೆಯವರ ಸಾಕ್ಷಿಯ ಮೇಲೆ ಭೂಮಿ ಗೆಲ್ಲಲು ಸಾಧ್ಯವಾದದ್ದು ಈ ವ್ಯವಸ್ಥೆಯಿಂದ. ಎಂಟು ಲಕ್ಷಕ್ಕೂ ಮಿಕ್ಕಿ ಅರ್ಜಿಗಳು ಬಂದವು, ಅರ್ಧಕ್ಕಿಂತ ಹೆಚ್ಚು ಒಕ್ಕಲುಗಳ ಪರವಾಗಿ ತೀರ್ಮಾನವಾದವು. ಅಡಿಕೆ ತೋಟದ ಅಂಚಿನಲ್ಲಿ, ಗದ್ದೆಯ ಬದುವಿನಲ್ಲಿ ತಲೆಮಾರುಗಳಿಂದ ದುಡಿದವರ ಮನೆಗಳಲ್ಲಿ ಎರಡು ಹೊತ್ತಿನ ಊಟ ಗಟ್ಟಿಯಾದದ್ದು, ಮಕ್ಕಳು ಶಾಲೆ ಮೆಟ್ಟಿಲು ಹತ್ತಿದ್ದು ಆ ಬಳಿಕ. ಸ್ವಾತಂತ್ರ್ಯದ ಬಳಿಕದ ಕರ್ನಾಟಕದ ಯಾವುದೇ ಆಹಾರ ಯೋಜನೆ ಈ ಕಾಯ್ದೆಯಷ್ಟು ಹಸಿವು ನೀಗಿಸಿದ್ದು ಅನುಮಾನ.

ಉಳಿದುಹೋದವರು

ಕಾಯ್ದೆ ಕಂಡದ್ದು ಗೇಣಿದಾರನನ್ನು, ಕೂಲಿಯಾಳನ್ನು ಅಲ್ಲ. ಬಯಲುಸೀಮೆಯಲ್ಲಿ ಗೇಣಿಗಿಂತ ಜೀತ, ಕೂಲಿಯೇ ಹೆಚ್ಚಿದ್ದುದರಿಂದ ಅಲ್ಲಿನ ದಲಿತ ಕುಟುಂಬಗಳಿಗೆ ಏಳನೇ ನಮೂನೆ ಭರ್ತಿ ಮಾಡಲು ಗೇಣಿಯೇ ಇರಲಿಲ್ಲ. ಶಿವರಾಮ ಕಾರಂತರು 1933ರಲ್ಲಿ ‘ಚೋಮನ ದುಡಿ’ಯಲ್ಲಿ ಕಂಡ ಆಸೆ, ಒಂದು ತುಂಡು ಭೂಮಿ ತಾನೇ ಉಳಬೇಕೆಂಬ ದಲಿತ ಜೀವದ ಆಸೆ, ಈ ಸುಧಾರಣೆಯ ಆಚೆಗೇ ಉಳಿಯಿತು. ಭೂಮಿತಿ ಮೀರಿದ ಹೆಚ್ಚುವರಿ ಭೂಮಿ ಹಂಚುವ ಕೆಲಸ ಗೇಣಿ ಸುಧಾರಣೆಯ ಮುಂದೆ ತೀರ ಸೊರಗಿತು. ಸರ್ಕಾರ ಮಂಜೂರು ಮಾಡಿದ ಭೂಮಿ ದಲಿತರ ಕೈಯಿಂದ ಬಿಡಿಗಾಸಿಗೆ ಜಾರಿಹೋಗುವುದನ್ನು ತಡೆಯಲು 1978ರ ಪರಭಾರೆ ನಿಷೇಧ ಕಾಯ್ದೆ ಬಂತು. ಅದರಡಿ ಭೂಮಿ ಮರಳಿ ಕೇಳಿ ತಡವಾಗಿ ಅರ್ಜಿ ಹಾಕಿದವರಿಗೆ ಅದು ಸಿಗದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಸಾವಿರಾರು ಪ್ರಕರಣ ಬಿದ್ದುಹೋಗುವ ಸ್ಥಿತಿ ಉಂಟಾಯಿತು. 2023ರ ತಿದ್ದುಪಡಿ ಆ ಕಾಲಮಿತಿಯ ತೊಡಕನ್ನು ತೆಗೆಯಲು ಯತ್ನಿಸಿದೆ.

ಸರ್ಕಾರಿ ಭೂಮಿಯನ್ನು ಉಳುತ್ತಿರುವ ಬಗರ್‌ಹುಕುಂ ರೈತರದು ಇನ್ನೊಂದು ದೊಡ್ಡ ಗುಂಪು. ಸಾಗುವಳಿ ಸಕ್ರಮ ಕೋರುವ ಅರ್ಜಿಯ ನಮೂನೆ ಸಂಖ್ಯೆ 50, 53, 57 ಎಂದು ಬದಲಾದರೂ ತಂದೆ ಹಾಕಿದ ಅರ್ಜಿಯ ಸ್ವೀಕೃತಿ ಚೀಟಿಯನ್ನು ಮಗ ಜೋಪಾನ ಮಾಡಿಕೊಂಡಿರುವ ಮನೆಗಳು ಪ್ರತಿ ತಾಲ್ಲೂಕಿನಲ್ಲೂ ಇವೆ.

ಹೆಣ್ಣುಮಕ್ಕಳ ವಿಷಯದಲ್ಲಿ ಕರ್ನಾಟಕ ಬೇಗ ಹೆಜ್ಜೆ ಇಟ್ಟಿತ್ತು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಕೊಡುವ ರಾಜ್ಯ ತಿದ್ದುಪಡಿ 1994ರಲ್ಲೇ ಜಾರಿಯಾಯಿತು. ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಆದರೂ ತವರಿನ ನಂಟು ಕೆಡಬಾರದೆಂದು ಪಾಲಿನ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಹೆಣ್ಣುಮಕ್ಕಳೇ ಹೆಚ್ಚು. 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರ ಪೈಕಿ ಮಹಿಳೆಯರು ನೂರಕ್ಕೆ ಹದಿನಾಲ್ಕರಷ್ಟು ಮಾತ್ರ. ಬಿತ್ತನೆ, ಕಳೆ, ಕೊಯ್ಲಿನಲ್ಲಿ ಅವರ ದುಡಿಮೆಯ ಪಾಲು ಎಷ್ಟೆಂಬುದನ್ನು ಹೊಲ ಕಂಡವರಿಗೆ ಹೇಳಬೇಕಿಲ್ಲ.

ಪಹಣಿ ಮತ್ತು ಪರಿಹಾರ

ಹವಾಮಾನದ ಹೊಡೆತಕ್ಕೆ ಸರ್ಕಾರ ಕೊಡುವ ಆಸರೆಯೆಲ್ಲ ಇಂದು ಒಂದೇ ದಾಖಲೆಯ ಮೂಲಕ ಹರಿಯುತ್ತದೆ. ಅದು ಭೂಮಿಯ ಹಕ್ಕು, ಬೆಳೆಗಳ ದಾಖಲೆಯಾದ ಪಹಣಿ. 2000ದ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಗಣಕೀಕೃತವಾದವು. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಿಂದ ಅವು ತಾಲ್ಲೂಕು ಕಚೇರಿಯ ಕಿಟಕಿಗೆ ಬಂದದ್ದು ದೊಡ್ಡ ಅನುಕೂಲವೇ. ಈಗ ಪಹಣಿಗೆ ಆಧಾರ್, ಬ್ಯಾಂಕ್ ಖಾತೆ, ‘ಫ್ರೂಟ್ಸ್’ ತಂತ್ರಾಂಶದ ರೈತ ಗುರುತಿನ ಸಂಖ್ಯೆ ಜೋಡಣೆಯಾಗಿವೆ. ಬೆಳೆಸಾಲ, ಬೆಳೆವಿಮೆ, ಬೆಂಬಲ ಬೆಲೆಯ ಖರೀದಿ, ಬೆಳೆನಷ್ಟ ಪರಿಹಾರ ಎಲ್ಲಕ್ಕೂ ಆ ಸಂಖ್ಯೆ ಬೇಕು.

ತೊಡಕಿರುವುದು ಇಲ್ಲಿಯೇ. ಪಹಣಿಯ 9ನೇ ಕಾಲಂ ಕಬ್ಜೆದಾರನದು, ಅಂದರೆ ಮಾಲೀಕನದು. 12ನೇ ಕಾಲಂನಲ್ಲಿ ಸಾಗುವಳಿದಾರನ ಹೆಸರು, ಸಾಗುವಳಿಯ ಪದ್ಧತಿ, ಬೆಳೆಯ ವಿವರ ದಾಖಲಾಗಬೇಕು. ಊರಿಗೆ ಊರೇ ಬಲ್ಲಂತೆ ಹೊಲವನ್ನು ಬೇರೊಬ್ಬರು ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಮಾಡುತ್ತಿದ್ದರೂ ಆ ಕಾಲಂನಲ್ಲಿ ಮಾಲೀಕನ ಸ್ವಂತ ಸಾಗುವಳಿ ಎಂದೇ ಇರುತ್ತದೆ. ಹಾಗಿರುವುದಕ್ಕೆ ಕಾರಣ 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆಯೇ. ಸೈನಿಕರು, ನಾವಿಕರಂಥವರ ಹೊರತು ಯಾರೂ ಕೃಷಿಭೂಮಿಯನ್ನು ಗೇಣಿಗೆ ಕೊಡಕೂಡದು ಎಂದು ಅದರ 5ನೇ ಕಲಂ ಹೇಳುತ್ತದೆ. ಹಳೆಯ ಧಣಿತನ ಮರಳಿ ತಲೆಯೆತ್ತಬಾರದು ಎಂಬ ಉದ್ದೇಶ ಒಳ್ಳೆಯದಿತ್ತು. ಆದರೆ ಐವತ್ತು ವರ್ಷಗಳಲ್ಲಿ ಹಳ್ಳಿ ಬದಲಾಗಿದೆ. ಮಾಲೀಕ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ನೌಕರಿಯಲ್ಲಿದ್ದಾನೆ. ಹೊಲವನ್ನು ನೆರೆಯ ಸಣ್ಣ ರೈತನೋ ಭೂಮಿಯಿಲ್ಲದ ಕುಟುಂಬವೋ ಮಾಡುತ್ತದೆ, ಹಳೇ ಮೈಸೂರಿನ ಕಡೆ ಕೋರು ಅಥವಾ ವಾರ, ಉತ್ತರ ಕರ್ನಾಟಕದ ಕಡೆ ಲಾವಣಿ ಅಥವಾ ಪಾಲು. ಇವೆಲ್ಲ ಬಾಯಿಮಾತಿನ ಒಪ್ಪಂದಗಳು. ಉಳುವವನ ಹೆಸರು ಕಾಗದಕ್ಕೆ ಬಂದರೆ ಭೂಮಿ ಕೈಬಿಟ್ಟೀತು ಎಂಬ ಅಂಜಿಕೆ ಮಾಲೀಕನಿಗೆ. ಕೇಳಿದರೆ ಮುಂದಿನ ವರ್ಷ ಹೊಲವೇ ಸಿಗದು ಎಂಬ ಅಂಜಿಕೆ ಉಳುವವನಿಗೆ.

ಬರ ಬಂದಾಗ ಇದರ ಪರಿಣಾಮ ಲೆಕ್ಕಕ್ಕೆ ಸಿಗುತ್ತದೆ. ವಿಪತ್ತು ಪರಿಹಾರದ ಈಚಿನ ನಿಯಮದಂತೆ ಮಳೆಯಾಶ್ರಿತ ಬೆಳೆ ಕಳೆದುಕೊಂಡವರಿಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500. ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ಒಣಭೂಮಿಗೆ ಎಕರೆಗೆ ಸುಮಾರು 3,400 ರೂಪಾಯಿ ಆಯಿತು. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಕಳೆ ಕೂಲಿ ಹಾಕಿ ಬೆಳೆ ಕಳೆದುಕೊಂಡವನು ಪಾಲಿಗೆ ಮಾಡಿದವನು. ಈ ಚಿಕ್ಕ ಮೊತ್ತವೂ ಬಂದು ಬೀಳುವುದು ಪಹಣಿದಾರನ ಖಾತೆಗೆ. ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿಯೂ ಭೂಮಿ ಹೊಂದಿದ ಕುಟುಂಬಗಳಿಗೆ ಮಾತ್ರ. ಬೆಳೆವಿಮೆಯಲ್ಲಿ ಗೇಣಿದಾರರಿಗೆ ಕಾಗದದ ಮೇಲೆ ಅವಕಾಶವಿದೆ. ಆದರೆ ಗೇಣಿಯೇ ನಿಷಿದ್ಧವಾದ ರಾಜ್ಯದಲ್ಲಿ ಗೇಣಿ ಕರಾರು ಬರೆದುಕೊಡುವವರು ಯಾರು? ಬ್ಯಾಂಕಿನ ಸಾಲ ಸಿಗದೆ ಕೈಸಾಲ ಮಾಡಿದ ಕುಟುಂಬ ಒಂದು ಬೆಳೆ ಹೋದರೆ ಕಾಳು ಕೊಳ್ಳಲಾರದೆ ಗುಳೆ ಹೊರಡುತ್ತದೆ. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬರುವ ಕುಟುಂಬಗಳ ಹಿಂದೆ ಬಹಳ ಸಲ ಇಂಥ ಲೆಕ್ಕವಿರುತ್ತದೆ.

ಪಹಣಿ ಸತ್ತವರ ಹೆಸರಿನಲ್ಲೇ ಉಳಿದಿರುವ ಕುಟುಂಬಗಳ ಪಾಡೂ ಇದೇ. ಅಜ್ಜ ತೀರಿಕೊಂಡು ಎರಡು ತಲೆಮಾರು ಕಳೆದರೂ ಅಣ್ಣತಮ್ಮಂದಿರ ತಕರಾರಿನಿಂದಲೋ ಅಲೆದಾಟದ ಬೇಸರದಿಂದಲೋ ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿರುವುದಿಲ್ಲ. ಗಂಡ ಸತ್ತು ಒಬ್ಬಳೇ ಹೊಲ ಮಾಡುವ ಹೆಂಗಸಿಗೆ ಇದರ ಪೆಟ್ಟು ಎಲ್ಲರಿಗಿಂತ ಜೋರು.

ಹೊಲದಲ್ಲಿ ಆಗುವ ವ್ಯತ್ಯಾಸ

ಬರ ತಡೆಯುವ ಕೃಷಿಯ ಕೆಲಸಗಳೆಲ್ಲ ನಿಧಾನದವು. ಬದು ಹಾಕಿ, ಹೊಂಗೆ, ಹುಣಸೆ ನೆಟ್ಟು, ಕೊಟ್ಟಿಗೆ ಗೊಬ್ಬರ ಸುರಿದು ಮಣ್ಣಿನಲ್ಲಿ ತೇವ ನಿಲ್ಲಿಸಲು ವರ್ಷಗಳು ಬೇಕು. 2014ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆಯ ಕೃಷಿಹೊಂಡಗಳು ಬೆಳೆ ಬಾಡುವ ಹೊತ್ತಿಗೆ ಒಂದೆರಡು ನೀರು ಕೊಟ್ಟು ಅನೇಕ ಹೊಲಗಳನ್ನು ಉಳಿಸಿವೆ. ಅವು ಬಂದದ್ದು ಪಹಣಿ ಇದ್ದವರ ಹೊಲಗಳಿಗೆ. ಮುಂದಿನ ಯುಗಾದಿಗೆ ಹೊಲ ತನ್ನ ಕೈಯಲ್ಲಿರುತ್ತದೋ ಇಲ್ಲವೋ ತಿಳಿಯದವನು ಹೊಂಡ ತೋಡುವುದಿಲ್ಲ, ಮರ ನೆಡುವುದಿಲ್ಲ. ಅಂಥವನಿಂದ ಅದನ್ನು ಬಯಸುವುದೂ ತಪ್ಪು.

ಹಳೆಯ ರಾಗಿ ಹೊಲದ ಅಕ್ಕಡಿ ಸಾಲನ್ನು ಇಲ್ಲಿ ನೆನೆಯಬೇಕು. ಕೂರಿಗೆಯಲ್ಲಿ ರಾಗಿ ಬಿತ್ತುತ್ತ, ನಡುನಡುವೆ ಒಂದೊಂದು ಸಾಲು ಅವರೆ, ತೊಗರಿ, ಹುಚ್ಚೆಳ್ಳು, ಹರಳು ಬಿಡುತ್ತಿದ್ದರು. ರಾಗಿ ಕೊಯ್ಲಾದ ಮೇಲೂ ಅವರೆ ಇಬ್ಬನಿಗೆ ಕಾಯಿ ಕಟ್ಟುತ್ತಿತ್ತು. ಒಂದು ಸೋತರೆ ಇನ್ನೊಂದು ಕೈಹಿಡಿಯುತ್ತಿತ್ತು. ಬೆಳೆದ ರಾಗಿ ಹಗೇವಿಗೆ ಇಳಿಯುತ್ತಿತ್ತು: ಗಟ್ಟಿ ನೆಲದಲ್ಲಿ ತೋಡಿದ, ಬಾಯಿ ಕಿರಿದಾದ, ಒಳಗೆ ಹುಲ್ಲು ಹೊದಿಸಿದ ಗುಂಡಿ. ತೆಗೆಯುವಾಗ ಮೊದಲು ದೀಪ ಇಳಿಸಿ ಒಳಗಿನ ಕೆಟ್ಟ ಗಾಳಿ ಹೋಗಿದೆಯೇ ಎಂದು ನೋಡಿ, ಆಮೇಲೆ ಆಳು ಇಳಿಯುತ್ತಿದ್ದ. ರಾಗಿಗೆ ಹುಳು ಬೀಳುವುದು ಅಪರೂಪವಾದ್ದರಿಂದ ಹಲವು ವರ್ಷಗಳ ಕಾಳು ಊರೊಳಗೇ ಇರುತ್ತಿತ್ತು. ಆದರೆ ಹಗೇವು ಇದ್ದದ್ದು ಭೂಮಿ ಇದ್ದವರ ಮನೆಯಲ್ಲಿ ಎಂಬುದನ್ನು ಹಳೆಯದನ್ನು ಹೊಗಳುವಾಗ ನಾವು ಮರೆಯುತ್ತೇವೆ.

ಮಂಡ್ಯದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕದ ರಾಗಿಗಳನ್ನು ಬೆರೆಸಿ ರೂಪಿಸಿದ ಇಂಡಾಫ್ ತಳಿಗಳು ಇಳುವರಿಯನ್ನು ಬಹಳ ಏರಿಸಿದವು. ಅದೇ ದಶಕಗಳಲ್ಲಿ ಕೋಲಾರ, ಬೆಂಗಳೂರು ಗ್ರಾಮಾಂತರದ ರಾಗಿ ಹೊಲಗಳು ನೀಲಗಿರಿ ತೋಪಾದವು. ಊರಲ್ಲಿ ಇರದ ಮಾಲೀಕನಿಗೆ ಆಳಿನ ಗೊಡವೆಯಿಲ್ಲದ, ಪಾಲುಗಾರನ ಹಂಗಿಲ್ಲದ ಬೆಳೆ ಅದು. 2017ರಲ್ಲಿ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸುವ ಹೊತ್ತಿಗೆ ಅಂತರ್ಜಲ ಪಾತಾಳ ಕಂಡಿತ್ತು. ಭೂಮಿಯ ಅಡಿಯ ನೀರೂ ಭೂಮಾಲೀಕನದೇ ಎಂಬಂತೆ ಕಾನೂನು ನಡೆಯುವುದರಿಂದ, ಸಾವಿರ ಅಡಿ ಕೊರೆಸುವ ಶಕ್ತಿ ಇರುವವನು ನೆರೆಯವನ ಬಾವಿಯನ್ನೂ ಒಣಗಿಸಬಲ್ಲ.

ಗೋಮಾಳ, ಕಾವಲು, ಕಾಡು

ಭೂಮಿಯಿಲ್ಲದವರ ಬರದ ಆಸರೆ ಊರೊಟ್ಟಿನ ಭೂಮಿ. ನೂರು ದನಗಳಿಗೆ 30 ಎಕರೆ ಗೋಮಾಳ ಇರಬೇಕೆಂದು ಭೂಕಂದಾಯ ನಿಯಮ ಹೇಳುತ್ತದೆ. ಬಹಳ ಊರುಗಳಲ್ಲಿ ಅದು ಒತ್ತುವರಿ, ಮಂಜೂರಾತಿ, ಬಡಾವಣೆಗಳಲ್ಲಿ ಕರಗಿದೆ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಾಗ ಅಲ್ಲಿನ ಕುರಿಗಾರರು, ಕಂಬಳಿ ನೇಯುವವರು ಮೇವಿನ ನೆಲ ಕಳೆದುಕೊಂಡರು. ಬರದಲ್ಲಿ ಕುರಿ ಮಾರಿ ಕಾಳು ಕೊಳ್ಳುವ ಸೀಮೆಯದು.

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರದು ಇದಕ್ಕೆ ಭಿನ್ನವಾದ, ಭರವಸೆಯ ಕತೆ. 2006ರ ಅರಣ್ಯಹಕ್ಕು ಕಾಯ್ದೆಯಡಿ 2011ರಲ್ಲಿ ಅಲ್ಲಿನ 25 ಗ್ರಾಮಸಭೆಗಳ ಸಮುದಾಯ ಹಕ್ಕು ಮಾನ್ಯವಾಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು ಮಾತ್ರ 75 ವರ್ಷಗಳ ವಾಸದ ಸಾಕ್ಷ್ಯ ಒದಗಿಸಬೇಕು. ರಾಜ್ಯದಲ್ಲಿ ಸಲ್ಲಿಕೆಯಾದ ಅರ್ಜಿಗಳಲ್ಲಿ ಹೆಚ್ಚಿನವು ತಿರಸ್ಕೃತವಾಗಿವೆ.

ಭೂಮಿಯ ಹೊಸ ಗಿರಾಕಿಗಳು

2020ರಲ್ಲಿ ಸರ್ಕಾರ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕಿತು. ಕೃಷಿಯೇತರ ಆದಾಯ ಹೆಚ್ಚಿದ್ದವರು, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆಯುತ್ತಿದ್ದ ಕಲಂಗಳಿವು. ಅವುಗಳ ನೆಪದಲ್ಲಿ ಕಚೇರಿಗಳಲ್ಲಿ ಲಂಚ ನಡೆಯುತ್ತಿತ್ತೆಂಬುದು ಸರ್ಕಾರದ ವಾದ. ಅದು ಸುಳ್ಳಲ್ಲ, ಆದರೆ ಬಾಗಿಲು ಕಾಯುವವನು ಲಂಚಕೋರನೆಂದು ಬಾಗಿಲನ್ನೇ ಕಿತ್ತದ್ದು ಸರಿಯಾದ ಮದ್ದಲ್ಲ. ರೈತ, ದಲಿತ, ಕಾರ್ಮಿಕ ಸಂಘಟನೆಗಳು ಒಟ್ಟಾಗಿ ಇದನ್ನು ವಿರೋಧಿಸಿದವು. ಎರಡು ಬರ ಕಂಡು ಸಾಲದಲ್ಲಿರುವ ಸಣ್ಣ ರೈತನ ಮುಂದೆ ಪಟ್ಟಣದ ದುಡ್ಡು ಬಂದು ನಿಂತಾಗ ಆ ಮಾರಾಟವನ್ನು ಸ್ವಇಚ್ಛೆಯದು ಎನ್ನುವುದು ಕಷ್ಟ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ವಶಪಡಿಸಿಕೊಳ್ಳುವ ನಿರ್ಧಾರದ ವಿರುದ್ಧ 2022ರ ಏಪ್ರಿಲಿನಿಂದ ರೈತರು ಧರಣಿ ಕೂತರು. ರಾಗಿ, ತರಕಾರಿ, ದ್ರಾಕ್ಷಿ, ಹಿಪ್ಪುನೇರಳೆಯ ಭೂಮಿಯದು. ಬೆಂಗಳೂರಿನ ಊಟದ ತಟ್ಟೆಗೆ ಹತ್ತಿರದ್ದು. ಮೂರು ವರ್ಷ ದಾಟಿದ ಹೋರಾಟದ ಬಳಿಕ 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಡುವುದಾಗಿ ಘೋಷಿಸಿತು.

ಹವಾಮಾನಕ್ಕೆ ಪರಿಹಾರವೆಂದು ಬರುವ ಯೋಜನೆಯೂ ಭೂಹಕ್ಕಿನ ಪ್ರಶ್ನೆಯಿಂದ ಹೊರತಲ್ಲ. ಪಾವಗಡದ ತಿರುಮಣಿ, ವಳ್ಳೂರು ಸುತ್ತಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಇದೆ. ಭೂಮಿಯನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆಯ ಷರತ್ತಿನಲ್ಲಿ ಗುತ್ತಿಗೆಗೆ ಪಡೆಯಲಾಯಿತು. ಒಡೆತನ ರೈತನಲ್ಲೇ ಉಳಿಯಿತು, ಕಡಲೆಕಾಯಿ ಕೈಕೊಡುತ್ತಿದ್ದ ಸೀಮೆಗೆ ನಿಗದಿ ಆದಾಯ ಬಂತು. ಸ್ವಾಧೀನಕ್ಕಿಂತ ಇದು ಎಷ್ಟೋ ಮೇಲು. ಆದರೆ ಗುತ್ತಿಗೆ ಹಣ ಭೂಮಿ ಇದ್ದವರದು. ಅದೇ ಹೊಲಗಳಲ್ಲಿ ಕಳೆ ತೆಗೆದು, ಕಡಲೆಕಾಯಿ ಕಿತ್ತು ಕೂಲಿ ಪಡೆಯುತ್ತಿದ್ದ ಹೆಂಗಸರಿಗೆ, ಕೊಯ್ಲಾದ ಹೊಲದಲ್ಲಿ ಮಂದೆ ಬಿಡುತ್ತಿದ್ದ ಕುರಿಗಾರರಿಗೆ ಎಕರೆಯೂ ಇಲ್ಲ, ಬಾಡಿಗೆಯೂ ಇಲ್ಲ.

ಪಡಿತರ

2013ರ ಜುಲೈ 10ರಂದು ಆರಂಭವಾದ ರಾಜ್ಯದ ಪಡಿತರ ಯೋಜನೆ ಅನ್ನಭಾಗ್ಯ ಮತ್ತು ಅದೇ ವರ್ಷದ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಹಸಿವಿನ ಮೊದಲ ಏಟನ್ನು ತಡೆದಿವೆ. ಬರ ಇಂದು ಕ್ಷಾಮವಾಗದಿರಲು ಪಡಿತರವೇ ದೊಡ್ಡ ಕಾರಣ. ಅಕ್ಕಿಯ ಜೊತೆಗೆ ದಕ್ಷಿಣದಲ್ಲಿ ರಾಗಿ, ಉತ್ತರದಲ್ಲಿ ಜೋಳ ಖರೀದಿಸಿ ಹಂಚುವ ಕ್ರಮ ಒಣಭೂಮಿಯ ಬೆಳೆಗೂ ಬೆಲೆ ಕೊಟ್ಟಿದೆ. ಆದರೆ ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲೂ ಮತ್ತೆ ರೈತ ಗುರುತಿನ ಸಂಖ್ಯೆಯೇ ಬೇಕು. ಪಾಲಿಗೆ ಮಾಡಿದವನು ರಾಗಿಯನ್ನು ಮಾಲೀಕನ ಹೆಸರಿನಲ್ಲಿ ಕೊಡಬೇಕು, ಇಲ್ಲವೇ ದಲ್ಲಾಳಿಗೆ ಸುರಿಯಬೇಕು.

ನೆರೆಯವರ ದಾರಿ

ಬೀದರ್ ಗಡಿಗೆ ಹೊಂದಿಕೊಂಡ ತೆಲಂಗಾಣದ ಜಹೀರಾಬಾದ್ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ಮಹಿಳೆಯರು, ಬಹುಪಾಲು ದಲಿತರು, ಒಟ್ಟಾಗಿ ಭೂಮಿ ಗುತ್ತಿಗೆಗೆ ಪಡೆದು ಜೋಳ, ಸಿರಿಧಾನ್ಯ ಬೆಳೆದರು. 1990ರ ದಶಕದಲ್ಲಿ ಪಾಳುಬಿದ್ದ ಹೊಲಗಳನ್ನು ಉಳುಮೆಗೆ ತಂದು, ಅದಕ್ಕೆ ಮುಂಗಡ ಪಡೆದವರು ಜೋಳದಲ್ಲೇ ತೀರಿಸುವಂತೆ ಮಾಡಿ, ಆ ಜೋಳವನ್ನು ಊರಿನ ಬಡವರಿಗೆ ಕಡಿಮೆ ಬೆಲೆಗೆ ಹಂಚುವ ಸ್ಥಳೀಯ ಪಡಿತರ ಕಟ್ಟಿದರು. ಇದನ್ನು ಮುನ್ನಡೆಸಿದ ಪಿ.ವಿ. ಸತೀಶ್ ಮೈಸೂರಿನವರು, 2023ರ ಮಾರ್ಚಿನಲ್ಲಿ ತೀರಿಕೊಂಡರು. ಕೇರಳದ ಕುಟುಂಬಶ್ರೀ ಮಹಿಳಾ ಗುಂಪುಗಳು ಇದೇ ಬಗೆಯಲ್ಲಿ ಸಾಮೂಹಿಕ ಗುತ್ತಿಗೆ ಕೃಷಿ ನಡೆಸುತ್ತಿವೆ.

ಗೇಣಿ ಕಾನೂನಿನ ವಿಷಯದಲ್ಲಿ ನೀತಿ ಆಯೋಗ 2016ರಲ್ಲಿ ಮಾದರಿ ಕಾಯ್ದೆಯೊಂದನ್ನು ಮುಂದಿಟ್ಟಿತು. ಆಂಧ್ರಪ್ರದೇಶ 2019ರ ಬೆಳೆ ಸಾಗುವಳಿದಾರರ ಹಕ್ಕು ಕಾಯ್ದೆಯಲ್ಲಿ 11 ತಿಂಗಳ ಕಾರ್ಡ್ ಕೊಡುತ್ತದೆ. ಅದರಿಂದ ಸಾಲ, ವಿಮೆ, ಪರಿಹಾರ ಪಡೆಯಬಹುದು, ಮಾಲೀಕನ ಒಡೆತನಕ್ಕೆ ಧಕ್ಕೆಯಿಲ್ಲ. ಮಾಲೀಕನ ಸಹಿ ಬೇಕೆಂಬ ಷರತ್ತು ಅದರ ದೌರ್ಬಲ್ಯ. ಕರ್ನಾಟಕ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಇಡಬಹುದು. ಹೊಲ ಹೊಲಕ್ಕೆ ಹೋಗಿ ಮೊಬೈಲಿನಲ್ಲಿ ಬೆಳೆಯ ಚಿತ್ರ ತೆಗೆಯುವ ಬೆಳೆ ಸಮೀಕ್ಷೆ ಈಗಾಗಲೇ ಪ್ರತಿ ಹಂಗಾಮಿನಲ್ಲೂ ನಡೆಯುತ್ತಿದೆ. ಬೆಳೆ ಯಾವುದೆಂದು ಕೇಳುವ ಆ ಸಮೀಕ್ಷೆ, ಬೆಳೆದವರು ಯಾರೆಂದೂ ಕೇಳಿ ಗ್ರಾಮಸಭೆಯ ಮುಂದೆ ಓದಿ ಹೇಳಲಿ. ಒಡೆತನದ ಭಯ ಹುಟ್ಟಿಸದ ಒಂದು ಹಂಗಾಮಿನ ಸಾಗುವಳಿ ಚೀಟಿಯನ್ನು ಕಾಯ್ದೆಯಲ್ಲೇ ಸೇರಿಸಿ, ಬರ ಪರಿಹಾರವನ್ನು ಅದರ ಮೇಲೆ ಕೊಡಲಿ. ಮುಂದಿನ ಬರಕ್ಕೆ ಮೊದಲು ಶಾಸನಸಭೆ ಈ ಕೆಲಸ ಮಾಡಬೇಕು.